ಗೋದಲಿಗೆ ಬಂದ ಕುರಿ

ಡಿಸೆಂಬರ್ ತಿಂಗಳು ಹುಟ್ಟಿತೆಂದರೆ ನನ್ನ ಮೊಬೈಲಿಗೆ ಕುರಿಗಳು ಬರಲು ಶುರುವಾಗುತ್ತವೆ. ಬೆಳಗ್ಗೆ ಕಾಫಿಗೆ ನೀರಿಡುವ ಹೊತ್ತಿಗಾಗಲೇ ಒಂದು ಹಿಂಡು ಬಂದು ನಿಂತಿರುತ್ತದೆ. ಎಲ್ಲವೂ ಹತ್ತಿಯ ಉಂಡೆಯಂತೆ ಬೆಳ್ಳಗೆ, ಶಾಂಪೂ ಹಾಕಿ ತೊಳೆದು, ಬಾಚಿ, ಒಣಗಿಸಿ ಕಳಿಸಿದಂತಿರುತ್ತವೆ. ನಡುವೆ ಕೆಂಪು ಕೆನ್ನೆಯ ಬಾಲಯೇಸು, ಮೇಲೊಂದು ನಕ್ಷತ್ರ, ಕೆಳಗೆ ಮಿನುಗುವ ಅಕ್ಷರಗಳಲ್ಲಿ ಶುಭೋದಯ. ಕಳಿಸುವವರೇನು ಹಿಮ ಬೀಳುವ ದೇಶದವರೇ? ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ನಮ್ಮ ನೆಂಟರಿಷ್ಟರೇ. ನಮ್ಮ ಸೀಮೆಯ ಕುರಿ ಕಪ್ಪಗಿರುತ್ತದೆ, ಹೊಟ್ಟೆಯ ಉಣ್ಣೆಗೆ ಜಾಲಿಮುಳ್ಳು ಅಂಟಿಸಿಕೊಂಡಿರುತ್ತದೆ, ಶ್ರೀರಾಂಪುರದ ಬಸ್ಸು ಎಷ್ಟು ಹಾರ್ನ್ ಹೊಡೆದರೂ ರಸ್ತೆಯ ನಡುವಿನಿಂದ ಕದಲುವುದಿಲ್ಲ ಎಂದು ಅವರಿಗೆಲ್ಲ ಚೆನ್ನಾಗಿ ಗೊತ್ತು. ಆದರೂ ಅಂಥ ಕುರಿಯ ಚಿತ್ರವನ್ನು ಯಾರೂ ಕಳಿಸುವುದಿಲ್ಲ. ಬಿಳಿ ಕುರಿ ಭಕ್ತಿಗೆ, ಕರಿ ಕುರಿ ಬಿರಿಯಾನಿಗೆ ಎಂದು ನಮ್ಮಲ್ಲಿ ಮೊದಲಿನಿಂದಲೂ ಹಂಚಿಕೆಯಾಗಿಬಿಟ್ಟಿದೆ.

ಈ ಹಂಚಿಕೆ ತಪ್ಪಿಹೋದ ಒಂದು ಕ್ರಿಸ್ಮಸ್ ನನಗೆ ನೆನಪಾಗುತ್ತಿದೆ. ಆ ವರ್ಷ ಹೊಳಲ್ಕೆರೆಯ ನಮ್ಮ ಚರ್ಚಿನ ಸಭೆ ಇನ್ನೇನು ಎರಡಾಗಬೇಕಿತ್ತು.

ಅದಕ್ಕೆ ಮುಂಚೆ ನನ್ನದೊಂದಿಷ್ಟು ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ಹಿರಿಯೂರಿನಲ್ಲಿ. ನಮ್ಮಮ್ಮ ಕ್ರಿಸ್ಮಸ್ಸಿಗೆ ಎರಡು ಬಗೆಯ ತಟ್ಟೆ ಮಾಡುತ್ತಿದ್ದರು. ಕೇಕು ಇರುವ ತಟ್ಟೆ ನಮ್ಮವರಿಗೆ, ಬರೀ ಕರ್ಜಿಕಾಯಿ, ರವೆ ಉಂಡೆ ಇರುವ ತಟ್ಟೆ ಲಿಂಗ ಕಟ್ಟಿದವರ ಮನೆಗಳಿಗೆ. ಹಂಚುವ ಕೆಲಸ ನನ್ನದು. ದಾರಿಯಲ್ಲಿ ತಟ್ಟೆಯ ಮೇಲಿನ ಕಸೂತಿ ಬಟ್ಟೆ ಸರಿಸಿ ನಾನೊಂದು ಉಂಡೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಭಾನುವಾರ ಸುಳ್ಳು ಹೇಳಬಾರದೆಂಬುದು ಅಮ್ಮನ ಕಟ್ಟಪ್ಪಣೆಯಾಗಿದ್ದರಿಂದ ಆ ದಿನ ಉಂಡೆಯ ಲೆಕ್ಕ ಕೇಳಿದರೆ ಸೋಮವಾರದವರೆಗೂ ಬಾಯಿ ಬಿಡುತ್ತಿರಲಿಲ್ಲ. ನನ್ನ ಪರಿಶುದ್ಧ ಜೀವನ ಶುರುವಾದದ್ದು ಹೀಗೆ. ಮುಂದೆ ಮದುವೆಯಾಗಿ ಹೊಳಲ್ಕೆರೆಗೆ ಬಂದೆ, ಶಾಲೆಯಲ್ಲಿ ಟೀಚರಾದೆ, ಭಾನುವಾರ ಚರ್ಚಿನ ಮಕ್ಕಳಿಗೆ ಪಾಠ ಹೇಳುವ ಕೆಲಸವೂ ತಲೆಗೆ ಬಿತ್ತು. ಸುಳ್ಳು ಹೇಳಬೇಡಿ ಎಂದು ನಾನೂ ಕಲಿಸುತ್ತೇನೆ. ಅವರೂ ಸೋಮವಾರಕ್ಕೆ ಕಾಯುತ್ತಾರೆ.

ನಮ್ಮ ಚರ್ಚು ಚಿಕ್ಕದು. ಅದು ತುಂಬುವುದು ಕ್ರಿಸ್ಮಸ್ ದಿನ ಮಾತ್ರ. ಕರ್ತ ಯೇಸುವಿನ ಜನನವೇ ಇದಕ್ಕೆ ಕಾರಣ ಎಂದು ನಮ್ಮ ಪಾದ್ರಿ ಅಯ್ಯನವರು ನಂಬಿದ್ದಾರೆ. ತಮ್ಮ ಬಿರಿಯಾನಿಯೇ ಕಾರಣ ಎಂದು ದಾನಿಯೇಲಪ್ಪನವರು ನಂಬಿದ್ದಾರೆ. ದಾನಿಯೇಲಪ್ಪ ನಿವೃತ್ತ ಬಸ್ ಕಂಡಕ್ಟರು, ಸಭೆಯ ಹಿರಿಯರು, ಹಬ್ಬದ ದಿನ ಎಲ್ಲರೂ ಕೂತು ಉಣ್ಣುವ ಪ್ರೇಮಭೋಜನದ ಉಸ್ತುವಾರಿ. ಚರ್ಚಿನೊಳಗೆ ನಿಂತರೂ 'ಮುಂದಕ್ಕೆ ಹೋಗ್ರಿ, ಒಳಗೆ ಜಾಗ ಐತೆ' ಎನ್ನುವ ಅಭ್ಯಾಸ ಬಿಟ್ಟಿಲ್ಲ. ಸಭೆಯ ಇನ್ನೊಬ್ಬ ಹಿರಿಯರು ಆಶೀರ್ವಾದಪ್ಪ. ನಿವೃತ್ತ ಹೆಡ್ಮಾಸ್ತರು, ಸಭೆಯ ಕಾರ್ಯದರ್ಶಿ. ಅವರು ಸಿನಿಮಾ ನೋಡುವುದಿಲ್ಲ, ಹೋಟೆಲಿನ ಮುಂದೆ ನಿಂತು ಚಾ ಕುಡಿಯುವುದಿಲ್ಲ, ಯಾರು ನೋಡಿದರು, ಯಾರು ಕುಡಿದರು ಎಂಬುದನ್ನು ಮಾತ್ರ ಮರೆಯುವುದಿಲ್ಲ. ಪರಿಶುದ್ಧ ಜೀವನದ ಬಗ್ಗೆ ಅವರು ಮಾತಾಡಲು ಎದ್ದರೆ ಹಿಂದಿನ ಬೆಂಚಿನವರು ತಮ್ಮ ವಾರವನ್ನೆಲ್ಲ ಒಮ್ಮೆ ತಿರುಗಿ ನೋಡಿಕೊಳ್ಳುತ್ತಾರೆ.

ಆ ವರ್ಷ ಹೊಸ ಅಯ್ಯನವರು ಬಂದಿದ್ದರು. ಚಿಕ್ಕ ವಯಸ್ಸು, ಪುಸ್ತಕದ ಕನ್ನಡ, ಕೈಯಲ್ಲಿ ಗಿಟಾರು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿ ಎಂದು ಪ್ಲಾಸ್ಟರಿನ ಬೊಂಬೆ ಇಟ್ಟರೆ ಜನರ ಹೃದಯ ಕರಗುವುದಿಲ್ಲ, ಈ ಸಲ ಜೀವಂತ ಗೋದಲಿ ಮಾಡೋಣ ಎಂದರು. ಮರಿಯಳೂ ಯೋಸೇಫನೂ ನನ್ನ ಭಾನುವಾರದ ಮಕ್ಕಳಲ್ಲೇ ಸಿಕ್ಕರು. ಕತ್ತೆ ಸಿಗಲಿಲ್ಲ. ಹಸು ಬಾಗಿಲಲ್ಲಿ ಹಿಡಿಸಲಿಲ್ಲ. ಉಳಿದದ್ದು ಕುರಿ.

"ಕುರಿ ಹೆಂಗೂ ತರ್ತೀವಲ್ರಿ, ಅಯ್ಯನೋರೆ," ಎಂದರು ದಾನಿಯೇಲಪ್ಪ. "ಒಂದಿಷ್ಟು ದಿನ ಮುಂಚೆ ತಂದ್ರಾತು. ಮೊದ್ಲು ಗೋದಲೀಲಿ ನಿಂತ್ಕಳ್ಳಿ, ಆಮೇಲೆ ಕೊಪ್ಪರಿಗೇಲಿ."

ಸಮಿತಿಯವರೆಲ್ಲ ಮೆಚ್ಚಿಕೊಂಡರು. ಒಂದೇ ಕುರಿ, ಎರಡು ಸೇವೆ. ಬಿ.ದುರ್ಗದ ಕಡೆಯಿಂದ ಒಂದು ಟಗರುಮರಿ ಆಟೋದಲ್ಲಿ ಕೂತು ಬಂತು. ಮೇವು ಹಾಕುವ ಹೊಣೆ ನನ್ನ ಭಾನುವಾರದ ಮಕ್ಕಳದಾಯಿತು. ಅವು ಅದಕ್ಕೆ ದಾವೀದ ಎಂದು ಹೆಸರಿಟ್ಟವು. ಬೈಬಲಿನ ದಾವೀದ ಕುರಿ ಕಾಯುತ್ತಿದ್ದವನು ಕಣ್ರೋ, ಕುರಿ ಅಲ್ಲ ಎಂದರೆ ಕೇಳಲಿಲ್ಲ. ತಿನ್ನುವ ಪ್ರಾಣಿಗೆ ಹೆಸರಿಡಬಾರದು ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಆದರೆ ದಾವೀದನ ತೊಡೆ ಎಷ್ಟು ತುಂಬಿಕೊಂಡಿದೆ ಎಂದು ನಾನೇ ದಿನಾ ಒಂದು ಕಣ್ಣು ಹಾಯಿಸುತ್ತಿದ್ದೆ.

ಕ್ರಿಸ್ಮಸ್ಸಿನ ಹಿಂದಿನ ಭಾನುವಾರ ಗೋದಲಿಯ ಕಾರ್ಯಕ್ರಮ. ಮರಿಯಳಾಗಿದ್ದ ಹುಡುಗಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು, ಕೂಸಿಗೆ ಕಾಣಿಕೆ ತರುವ ಜ್ಞಾನಿಗಳಲ್ಲೊಬ್ಬ ಕಿರೀಟ ಬೀಳಿಸಿದ. ದಾವೀದ ಮಾತ್ರ ತನ್ನ ಪಾತ್ರವನ್ನು ಚೆನ್ನಾಗಿ ಮಾಡಿದ. ಹಾಡು ಶುರುವಾದಾಗ ತೊಟ್ಟಿಲ ಹತ್ತಿರ ಹೋಗಿ, ಕೂಸಿನ ಬೊಂಬೆಯ ಪಕ್ಕದ ಹುಲ್ಲಿಗೆ ತಲೆಯಿಟ್ಟು ಸುಮ್ಮನೆ ನಿಂತುಬಿಟ್ಟ. ಎಷ್ಟೋ ಹೆಂಗಸರು ಕಣ್ಣೊರೆಸಿಕೊಂಡರು. ಎಲ್ಲರ ಮೊಬೈಲುಗಳೂ ಮೇಲೆದ್ದವು. ಹೆಡ್ಮಾಸ್ತರು ಆಶೀರ್ವಾದಪ್ಪನವರು ಕುರಿಯ ಪಕ್ಕ ಮಂಡಿಯೂರಿ ಫೋಟೊ ತೆಗೆಸಿಕೊಂಡು, 'ಪರಿಶುದ್ಧ ಕುರಿಮರಿಯೊಂದಿಗೆ' ಎಂದು ಬರೆದು ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿಕೊಂಡರು. ಚಿತ್ರದುರ್ಗದಿಂದ ಬೀಗರು ಫೋನ್ ಮಾಡಿ, ನೋಡಿ ಕಣ್ಣು ತುಂಬಿತು ಎಂದರಂತೆ. ಅಲ್ಲಿಗೆ ಹೆಡ್ಮಾಸ್ತರು ಸಿಕ್ಕಿಹಾಕಿಕೊಂಡರು. ಜಗತ್ತಿಗೆಲ್ಲ ಹೀಗೆ ತೋರಿಸಿದ ಕುರಿಯನ್ನು ಐದು ದಿನ ಕಳೆದು ನಿಂಬೆಹಣ್ಣಿನ ಜೊತೆ ತಿನ್ನುವುದು ಹೇಗೆ? ಬುಧವಾರದ ಪ್ರಾರ್ಥನೆ ಮುಗಿದ ಮೇಲೆ ಸಭೆಯವರೆಲ್ಲ ಕೂತಿರಬೇಕೆಂದು ಹೇಳಿಕಳಿಸಿದರು.

"ಕರ್ತನ ತೊಟ್ಟಿಲ ಮುಂದೆ ನಿಂತ ಜೀವ ಅದು," ಎಂದು ಶುರುಮಾಡಿದರು ಹೆಡ್ಮಾಸ್ತರು. "ಅದನ್ನ ಬೇಯಿಸ್ಕಂಡು ತಿಂದು, ನಾವು ಪರಿಶುದ್ಧ ಜೀವನ ಮಾಡ್ತೀವಿ ಅಂದ್ರೆ ಊರೋರು ನಗಲ್ವೇನ್ರಿ?"

ದಾನಿಯೇಲಪ್ಪ ಕೂತಲ್ಲಿಂದಲೇ, "ತೊಟ್ಟಿಲ ಮುಂದೆ ನೀವೂ ನಿಂತಿದ್ರಿ, ಹೆಡ್ಮಾಸ್ಟ್ರೇ. ಹಂಗಂತ ನೀವು ಪರಿಶುದ್ಧ ಆಗ್ಬಿಟ್ರಾ?" ಎಂದರು.

ಬೇರೆ ಕುರಿ ತರೋಣ ಎಂದರು ಯಾರೋ. ಈ ಕುರಿಗೊಂದು ನ್ಯಾಯ, ಆ ಕುರಿಗೊಂದು ನ್ಯಾಯವೇ ಎಂದರು ಇನ್ಯಾರೋ. ಕೋಳಿ ಮಾಡಿದರಾಯಿತು ಎಂದು ನಾನೂ ಒಂದು ಮಾತು ಸೇರಿಸಿದೆ. ನನ್ನ ಭಕ್ತಿ ಹೊಟ್ಟೆಯಿಂದ ಬಹಳ ದೂರವೇನೂ ಇಲ್ಲ.

ಹೆಡ್ಮಾಸ್ತರು ನನ್ನನ್ನು ಮೂರನೇ ತರಗತಿಯ ಹುಡುಗಿಯಂತೆ ನೋಡಿ, "ಗೋದಲೀಲಿ ಕೋಳಿ ಇರ್ಲಿಲ್ಲ ಅಂತ ಯಾರು ಹೇಳಿದ್ರು, ಟೀಚರಮ್ಮ? ಕೊಟ್ಟಿಗೆ ಅಂದ್ಮೇಲೆ ಕೋಳಿ ಇದ್ದೇ ಇರ್ತಾವೆ," ಎಂದರು.

"ಮೀನಂತೂ ಇರಲಿಲ್ಲ," ಎಂದರು ಅಯ್ಯನವರು, ಸಮಾಧಾನ ಮಾಡುವ ಧಾಟಿಯಲ್ಲಿ.

ಮೀನಿನ ಹೆಸರು ಕೇಳಿ ದಾನಿಯೇಲಪ್ಪ ಎದ್ದೇ ನಿಂತರು. "ನಂಗೆ ಇಷ್ಟು ಅವಮಾನ ಯಾವತ್ತೂ ಆಗಿಲ್ಲ. ಬಿರಿಯಾನಿ ಬ್ಯಾಡ ಅಂದ್ರೆ ನಾನೂ ಬ್ಯಾಡ ಅಂತ ತಿಳ್ಕಂತೀನಿ. ಹೊಸದುರ್ಗ ರಸ್ತೇಲಿ ಹೊಸ ಸಭೆ ಆಗೈತೆ. ಅಲ್ಲಿ ಕುರಿನೂ ಐತೆ, ಮೈಕೂ ಐತೆ. ಬರೋರು ಬರ್ರಿ, ಹೋಗಾಣ."

ಈ ಮಾತಿಗೆ ನಿಜಕ್ಕೂ ಕೆಲವರು ಎದ್ದರು. ಮದುವೆ, ನಾಮಕರಣ, ಮಣ್ಣು, ಎಲ್ಲಕ್ಕೂ ಹೆಗಲು ಕೊಡಲು ನಾವಿದ್ದವರೇ ಇಷ್ಟು. ಇದರಲ್ಲಿ ಅರ್ಧ ಜನ ಎದ್ದುಹೋದರೆ ಉಳಿಯುವುದು ಸಭೆಯಲ್ಲ, ಬೆಂಚುಗಳು. ಅಯ್ಯನವರು ಗಾಬರಿಯಿಂದ, ಯಾರೂ ಹೋಗಬೇಡಿ, ಮೊದಲು ಪ್ರಾರ್ಥಿಸೋಣ ಎಂದರು. ಅದೇ ತಪ್ಪಾಯಿತು.

"ಕರ್ತನೇ, ಕೆಲವರ ಕಣ್ಣು ತೆರೆ," ಎಂದು ಹೆಡ್ಮಾಸ್ತರು ಗಟ್ಟಿಯಾಗಿ ಪ್ರಾರ್ಥಿಸಿದರು.

"ಕರ್ತನೇ, ಕೆಲವರ ಬಾಯಿ ಮುಚ್ಚು," ಎಂದು ದಾನಿಯೇಲಪ್ಪ ಅದಕ್ಕಿಂತ ಗಟ್ಟಿಯಾಗಿ ಪ್ರಾರ್ಥಿಸಿದರು.

ಇಬ್ಬರೂ ಕಣ್ಣು ಮುಚ್ಚಿಕೊಂಡೇ ಜಗಳವಾಡಿದರು. ಮನುಷ್ಯರಿಗೆ ಹೇಳಲು ನಾಚಿಕೆಯಾಗುವುದನ್ನೆಲ್ಲ ದೇವರಿಗೆ ಹೇಳಿದರು. ಆಮೆನ್ ಎಂದಾಗ ಇಬ್ಬರಿಗೂ ಬೆವರು ಇಳಿಯುತ್ತಿತ್ತು.

ಆಗ ಹೆಂಗಸರ ಕಡೆಯಿಂದ ಎದ್ದವರು ಸುಗುಣಕ್ಕ. ದಾನಿಯೇಲಪ್ಪನವರ ಹೆಂಡತಿ. ಸಣ್ಣ ಆಳು, ಸಣ್ಣ ದನಿ. ಸಭೆಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಅಯ್ಯನೋರೆ, ನಂದೊಂದು ಮಾತು," ಎಂದರು.

"ಮನೇಲಿ ಮಾತಾಡಾಣ, ಕುಂತ್ಕಾ," ಎಂದರು ದಾನಿಯೇಲಪ್ಪ.

"ಮನೇಲಿ ನೀವೇ ಮಾತಾಡ್ತೀರಲ್ಲ," ಎಂದು ಸುಗುಣಕ್ಕ ಅಯ್ಯನವರ ಕಡೆಗೇ ನೋಡಿದರು. "ಕರ್ತನು ನಮ್ಗೋಸ್ಕರ ಒಂದೇ ಸಲ ಬಲಿಯಾದ, ಇನ್ಮೇಲೆ ಯಾವ ಬಲಿನೂ ಬ್ಯಾಡ ಅಂತ ನೀವೇ ಹೇಳ್ತೀರಲ್ವಾ?"

"ಹೌದಮ್ಮ, ನಮ್ಮ ನಂಬಿಕೆಯೇ ಅದು."

"ಹಂಗಾದ್ರೆ ವರ್ಷಾ ವರ್ಷಾ ಕ್ರಿಸ್ಮಸ್ಸಿಗೆ ನಾನ್ಯಾಕೆ ಬಲಿಯಾಗ್ಬೇಕು?"

ಅಯ್ಯನವರಿಗೆ ಅರ್ಥವಾಗಲಿಲ್ಲ. ನಮಗೂ ಆಗಲಿಲ್ಲ. ಸುಗುಣಕ್ಕ ಬಿಡಿಸಿ ಹೇಳಿದರು.

"ಈ ಊರಿಗೆ ಸೊಸೆಯಾಗಿ ಬಂದಾಗಿಂದ ಕ್ರಿಸ್ಮಸ್ ದಿನ ನಾನು ಚರ್ಚಿನೊಳಗೆ ಕುಂತಿಲ್ಲ. ನೀವೆಲ್ಲ ಹೊಸ ಬಟ್ಟೆ ಹಾಕ್ಕಂಡು ಒಳಗಿರ್ತೀರಿ, ನಾನು ಹಿಂದ್ಗಡೆ ಹೊಂಗೆಮರದ ಕೆಳಗೆ ಈರುಳ್ಳಿ ಹೆಚ್ತಿರ್ತೀನಿ. ಹಾಡು ಕೇಳಿಸ್ತೈತೆ. ಅಯ್ಯನೋರು ಹೇಳೋ ಪ್ರಸಂಗ ಕೇಳ್ಸಲ್ಲ. ಇವ್ರು ಬಂದು ಮುಚ್ಚಳ ತೆಗೀತಾರೆ, ದಾನಿಯೇಲಪ್ಪನ ಬಿರಿಯಾನಿ ಅಂತೀರಿ. ಅನ್ರಿ, ಬ್ಯಾಡ ಅನ್ನಲ್ಲ. ಕುರಿ ಉಳಿಸ್ಬೇಕಾ ಕಡೀಬೇಕಾ ಅಂತ ಇಷ್ಟೊತ್ತು ಮಾತಾಡಿದ್ರಿ. ಉಳಿಸ್ರಿ, ಇಲ್ಲ ಕಡೀರಿ, ನಂಗೆ ಎರಡೂ ಒಂದೇ. ದೇವರು ಹುಟ್ಟಿದ ದಿನ ನೀವು ಒಳಗೆ ಏನು ಹೇಳ್ತೀರಿ ಅಂತ ಒಂದ್ಸಲ ಕೇಳ್ಬೇಕು ನಾನು. ಈ ಸಲ ಒಳಗೆ ಕುಂದ್ರತೀನಿ."

ಇಷ್ಟು ಹೇಳಿ ಸೆರಗು ಹೊದ್ದುಕೊಂಡು ಕೂತರು. ಅವರ ಜೊತೆ ಪ್ರತಿ ವರ್ಷ ಮಸಾಲೆ ರುಬ್ಬುತ್ತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ನಾನೂ ಎಂದರು. ಆಮೇಲೆ ಎಲ್ಲರೂ ನಾನೂ ಎಂದರು. ಗಂಡಸರ ಕಡೆ ಅಷ್ಟು ಹೊತ್ತು ಉರಿಯುತ್ತಿದ್ದ ಧರ್ಮಸೂಕ್ಷ್ಮವೆಲ್ಲ ಒಂದು ಕ್ಷಣದಲ್ಲಿ ಆರಿಹೋಗಿತ್ತು. ಕುರಿ ಪರಿಶುದ್ಧವೋ ಅಲ್ಲವೋ, ಬೇಯಿಸುವವರೇ ಇಲ್ಲ.

"ಹೋಟ್ಲಿಂದ ತರಿಸಾಣ," ಎಂದು ಯಾರೋ ಮೆಲ್ಲಗೆ ಹೇಳಿದರು. ದಾನಿಯೇಲಪ್ಪನವರು ಬೆಂಚಿನ ಮೇಲೆ ಕುಸಿದರು. ಹೊಸದುರ್ಗ ರಸ್ತೆಯ ಮಾತು ಮತ್ತೆ ಎತ್ತಲಿಲ್ಲ. ಅಲ್ಲಿಗೆ ಹೋದರೂ ಈರುಳ್ಳಿ ಹೆಚ್ಚಲು ಹೆಂಡತಿ ಬೇಕಲ್ಲ.

ಮಾರನೆಯ ದಿನ ಬೆಳಗ್ಗೆ ನಾನು ಗೌರಮ್ಮನವರ ಮನೆಗೆ ಮಜ್ಜಿಗೆಗೆ ಹೋಗಿದ್ದೆ. ಚರ್ಚಿನ ಕಾಂಪೌಂಡಿಗೆ ಅಂಟಿಕೊಂಡ ಮನೆ ಅವರದು. ಮಠದ ಭಕ್ತರು, ಬೆಳಗ್ಗೆ ಲಿಂಗಪೂಜೆ ಆಗದೆ ನೀರೂ ಮುಟ್ಟದವರು. ಪ್ರತಿ ಕ್ರಿಸ್ಮಸ್ಸಿಗೆ ಗಂಡ ಹೆಂಡತಿ ಇಬ್ಬರೂ ಹೂವು, ತೆಂಗಿನಕಾಯಿ ತಂದುಕೊಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೇಕಿನ ಕಡೆ ಗೌರವದಿಂದಲೂ ಅನುಮಾನದಿಂದಲೂ ನೋಡಿ, ಒಂದೊಂದು ಬಾಳೆಹಣ್ಣು ತಿಂದು, ಕೊಪ್ಪರಿಗೆಯ ಮುಚ್ಚಳ ತೆಗೆಯುವ ಮುಂಚೆ ಎದ್ದುಹೋಗುತ್ತಿದ್ದರು. ಅವರಿಗೆ ನಮ್ಮ ಊಟ ಸೇರುವುದಿಲ್ಲ ಎಂದು ನಾವು ತೀರ್ಮಾನ ಮಾಡಿಕೊಂಡು, ಅದೇ ನಮ್ಮ ದೊಡ್ಡತನವೆಂಬಂತೆ ಬಾಳೆಹಣ್ಣು ಚೆನ್ನಾಗಿರುವುದನ್ನೇ ತರಿಸುತ್ತಿದ್ದೆವು.

"ನಿಮ್ಮೋರ ಪ್ರಾರ್ಥನೆ ನಿನ್ನೆ ಬಲು ಜೋರಿತ್ತು," ಎಂದರು ಗೌರಮ್ಮ, ಮಜ್ಜಿಗೆ ಹೊಯ್ಯುತ್ತ. "ನಮ್ಮ ಅಡಿಗೆಮನೆ ತನಕ ಕೇಳಿಸ್ತು. ಸುಗುಣಮ್ಮ ಹೇಳಿದ್ದೂ ಕೇಳಿಸ್ತು."

ನಾನು ಚೊಂಬು ಮುಂದೆ ಹಿಡಿದು ನಕ್ಕೆ.

"ಅಡಿಗೆ ನಾವು ಮಾಡ್ತೀವಿ ಬಿಡ್ರಿ. ನಮ್ಮ ಓಣಿ ಹೆಣ್ಮಕ್ಕಳು ಸೇರ್ಕಂಡ್ರೆ ಎಷ್ಟೊತ್ತಿನ ಕೆಲಸ? ಗೋಧಿ ಹುಗ್ಗಿ, ಚಿತ್ರಾನ್ನ, ಬದನೆಕಾಯಿ ಪಲ್ಯ. ಆದ್ರೆ ನಮ್ಮ ಪಾತ್ರೆ, ನಮ್ಮ ಒಲೆ. ನಿಮ್ಮ ಕೊಪ್ಪರಿಗೆ ನಾವು ಮುಟ್ಟಲ್ಲ."

"ಅಯ್ಯೋ, ನಿಮಗ್ಯಾಕೆ ಗೌರಮ್ಮಾರೆ ತೊಂದ್ರೆ?"

"ತೊಂದ್ರೆ ಏನೂ ಇಲ್ಲ. ಆಮೇಲೆ ಇನ್ನೊಂದು, ಈ ಸಲ ನಾವೂ ಉಂಡು ಹೋಗ್ತೀವಿ. ಹಬ್ಬದ ಮನೆಗೆ ಬಂದು ಬಾಳೆಹಣ್ಣು ತಿಂದು ಎದ್ದೋಗೋದು ನಮಗೇನು ಚೆಂದ ಅನ್ಸುತ್ತಾ? ನೀವು ಯಾವತ್ತಾದ್ರೂ ಕೇಳಿದ್ರೆ ಹೇಳ್ತಿದ್ವಿ."

ನಾನು ಮಜ್ಜಿಗೆ ಚೊಂಬು ಹಿಡಿದು ಬೇಗ ಬೇಗ ಬಂದೆ. ಬಾಲ್ಯದಲ್ಲಿ ಅಮ್ಮನ ಕೈಯ ಎರಡು ತಟ್ಟೆ ಹಿಡಿದು ಓಡಾಡಿದವಳಿಗೂ ಕೇಳಬೇಕೆಂದು ಹೊಳೆದಿರಲಿಲ್ಲ.

ಸುದ್ದಿ ಮುಟ್ಟಿಸಿದಾಗ ಹೆಡ್ಮಾಸ್ತರು ಕೊಂಚ ಯೋಚಿಸಿ, "ಮಠದೋರ ಕೈ ಅಡಿಗೆ... ಪ್ರಾರ್ಥನೆ ಮಾಡ್ಕಂಡು ಉಂಡ್ರಾತು," ಎಂದರು. ಉಳಿದದ್ದು ಒಂದೇ ತೊಡಕು. ಚರ್ಚಿನ ಹಿಂದೆ ಗೌರಮ್ಮನವರ ಒಲೆ ಹೂಡಬೇಕಾದ್ದರಿಂದ ಅಲ್ಲೇ ಕಟ್ಟಿದ್ದ ದಾವೀದನನ್ನು ಬಿಡಿಸಿ ಯಾರಾದರೂ ಮನೆಗೆ ಕರೆದೊಯ್ಯಬೇಕಿತ್ತು. ಎಲ್ಲರೂ ಸಹಜವಾಗಿ ಹೆಡ್ಮಾಸ್ತರ ಕಡೆ ನೋಡಿದೆವು.

"ನಮ್ಮನೇಲಿ ಎಲ್ಲೈತ್ರಿ ಜಾಗ? ಮೊನ್ನೆ ಟೈಲ್ಸ್ ಹಾಕ್ಸಿದೀವಿ," ಎಂದರು ಅವರು.

ತುಂಬು ಗರ್ಭಿಣಿ ಮರಿಯಳಿಗೆ ಜಾಗವಿಲ್ಲ ಎಂದ ಬೇತ್ಲೆಹೇಮಿನ ಛತ್ರದವರಿಗೂ ಇಂಥದೇ ಒಂದು ಕಾರಣ ಇದ್ದಿರಬೇಕು. ಪಾಪ, ಅವರನ್ನು ನಾವು ಸುಮ್ಮನೆ ಬೈಯುತ್ತೇವೆ. ಕೊನೆಗೆ ಹಗ್ಗ ಹಿಡಿದವರು ದಾನಿಯೇಲಪ್ಪ. ಸಿಟ್ಟಿನಲ್ಲಿ, ಯಾರ ಕಡೆಗೂ ನೋಡದೆ, "ಬಾರಲೇ," ಎಂದು ಎಳೆದುಕೊಂಡು ಹೋಗಿ ತಮ್ಮ ಸ್ಕೂಟರಿನ ಪಕ್ಕ ಕಟ್ಟಿ, ನೀರಿಟ್ಟರು. ತಿನ್ನಬೇಕೆಂದವರ ಮನೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು.

ಕ್ರಿಸ್ಮಸ್ ಬೆಳಗ್ಗೆ ಸುಗುಣಕ್ಕ ರೇಷ್ಮೆ ಸೀರೆಯುಟ್ಟು, ತಲೆತುಂಬ ಮಲ್ಲಿಗೆ ಮುಡಿದು ಬಂದರು. ಆ ಸೀರೆಗೆ ಮಡಿಕೆಯ ಗೆರೆ ಎಷ್ಟು ಆಳವಾಗಿ ಬಿದ್ದಿತ್ತೆಂದರೆ, ಅದು ಪೆಟ್ಟಿಗೆಯಲ್ಲಿ ಎಷ್ಟು ಕಾಲ ಕಾದಿತ್ತೋ ಎನಿಸಿತು. ಮುಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತರು. ಹಾಡಿಗೆಲ್ಲ ಪುಸ್ತಕವಿಲ್ಲದೆ ದನಿಗೂಡಿಸಿದರು. ಅಯ್ಯನವರು ಪ್ರಸಂಗಕ್ಕೆ ನಿಂತಾಗ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಅಯ್ಯನವರಿಗೂ ಅವತ್ತು ಯಾರಿಗೋಸ್ಕರ ಹೇಳುತ್ತಿದ್ದೇನೆಂಬುದು ಗೊತ್ತಿತ್ತು. ಜನನ, ತ್ಯಾಗ, ಪರಿಶುದ್ಧ ಜೀವನ ಎಂದು ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೂ ಕವಲು ತೆಗೆದು, ಗ್ರೀಕ್ ಶಬ್ದದ ಅರ್ಥದಿಂದ ಶುರುಮಾಡಿದರು.

ಗ್ರೀಕ್ ಶಬ್ದ ಮುಗಿಯುವ ಮುಂಚೆ ನನ್ನ ಹೆಗಲ ಮೇಲೆ ಭಾರ ಬಿತ್ತು. ಸುಗುಣಕ್ಕ ನಿದ್ದೆಹೋಗಿದ್ದರು. ಸುಮ್ಮನೆ ತೂಕಡಿಕೆಯಲ್ಲ, ಬಾಯಿ ತುಸು ತೆರೆದು, ಮಗುವಿನಂತೆ. ಹಿಂದಿನಿಂದ ಹೆಡ್ಮಾಸ್ತರು ಎಬ್ಬಿಸಿ ಎಂಬಂತೆ ಕೆಮ್ಮಿದರು. ನಾನು ಅಲುಗಾಡಲಿಲ್ಲ. ಅಯ್ಯನವರೂ ನೋಡಿದರು, ಒಳ್ಳೆಯ ಹುಡುಗ, ದನಿ ತಗ್ಗಿಸಿದರು. ತ್ಯಾಗದ ಭಾಗವನ್ನೆಲ್ಲ ಪಿಸುಮಾತಿನಲ್ಲೇ ಮುಗಿಸಿದರು. ನಾನು ಕೇಳಿದ ಕ್ರಿಸ್ಮಸ್ ಪ್ರಸಂಗಗಳಲ್ಲಿ ಅದೇ ಚೆನ್ನಾಗಿತ್ತು ಎಂದು ಈಗಲೂ ಹೇಳುತ್ತೇನೆ, ಅರ್ಧ ನನಗೂ ಕೇಳಿಸಲಿಲ್ಲ.

ಆಮೆನ್ ಸದ್ದಿಗೆ ಸುಗುಣಕ್ಕನಿಗೆ ಎಚ್ಚರವಾಯಿತು. ಗಾಬರಿಯಿಂದ ನನ್ನ ಕೈ ಹಿಡಿದು, "ಮುಗೀತಾ? ಏನಂದ್ರು ಅಯ್ಯನೋರು?" ಎಂದು ಕೇಳಿದರು.

"ಕರ್ತ ಹುಟ್ಟಿದ ಅಂದ್ರು, ಸುಗುಣಕ್ಕ. ನಮಗೋಸ್ಕರ ಸತ್ತ ಅಂದ್ರು. ಇನ್ಮೇಲೆ ನಾವು ಚೆನ್ನಾಗಿ ಬಾಳ್ಬೇಕು ಅಂದ್ರು."

"ಅಷ್ಟೇನಾ?" ಎಂದು ಅವರು ನಿಟ್ಟುಸಿರುಬಿಟ್ಟರು. "ಅದಕ್ಕೆ ಇಷ್ಟೊತ್ತು ಮಾಡ್ತಾರಾ?"

ದಾವೀದನ ಮುಂದಿನ ಕತೆ ಕೇಳುವಿರಾದರೆ, ಅವನು ದಾನಿಯೇಲಪ್ಪನವರ ಸ್ಕೂಟರಿನ ಸೀಟು ಹರಿದು ತಿಂದು, ಸಂಕ್ರಾಂತಿ ಮುಗಿಯುತ್ತಲೇ ಬಿ.ದುರ್ಗದ ತನ್ನ ಹಿಂಡಿಗೆ ವಾಪಸಾದ. ಬಿರಿಯಾನಿಯೂ ಮರುವರ್ಷವೇ ವಾಪಸಾಯಿತು. ನಮ್ಮ ಪರಿಶುದ್ಧತೆಗೆ ಅಷ್ಟೇ ಆಯುಸ್ಸು. ಆದರೆ ಈಗ ಒಲೆ ಎರಡು, ಒಂದು ಗೌರಮ್ಮನವರದು. ಈರುಳ್ಳಿಯನ್ನು ಗಂಡಸರು ಹಿಂದಿನ ಸಂಜೆಯೇ ಹೆಚ್ಚಿಡುತ್ತಾರೆ, ದಪ್ಪದಪ್ಪಗೆ. ಹೆಡ್ಮಾಸ್ತರು ಈರುಳ್ಳಿ ಹೆಚ್ಚುವಾಗ ಸುರಿಸುವ ಕಣ್ಣೀರನ್ನು ಅಪರಿಚಿತರು ಭಕ್ತಿಯೆಂದೇ ತಿಳಿಯಬೇಕು.

ಆ ಕ್ರಿಸ್ಮಸ್ ಮಧ್ಯಾಹ್ನ ಹೊಂಗೆಮರದ ಕೆಳಗೆ ಚಾಪೆ ಹಾಸಿ ಬಾಳೆಎಲೆ ಹಾಕಿದ್ದರು. ಗೌರಮ್ಮ, ಅವರ ಗಂಡ, ಅವರ ಓಣಿಯವರು, ನಾವು, ಎಲ್ಲ ಒಂದೇ ಸಾಲಿನಲ್ಲಿ ಕೂತೆವು. ಸುಗುಣಕ್ಕ ಅಭ್ಯಾಸಬಲದಿಂದ ಬಡಿಸುವ ಪಾತ್ರೆಯ ಕಡೆ ಹೊರಟಿದ್ದರು. ಗೌರಮ್ಮ ಸೆರಗು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಹುಗ್ಗಿಯ ಬಕೆಟ್ಟು ಹಿಡಿದು ಬಂದವರು ದಾನಿಯೇಲಪ್ಪ. ಬಿರಿಯಾನಿ ಇಲ್ಲದ ದುಃಖ ಮುಖದಲ್ಲಿ ಇನ್ನೂ ಇತ್ತು. ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ಬಡಿಸುತ್ತ ಬಂದವರು ಹೆಂಡತಿಯ ಎಲೆಯ ಮುಂದೆ ಬಂದು ತಡೆದು ನಿಂತರು. ಆಕೆ ಕೂತಿದ್ದು ತಾವು ನಿಂತು ಬಡಿಸಿದ್ದು ಅದೇ ಮೊದಲಿರಬೇಕು, ಎಷ್ಟು ಹಾಕಬೇಕೆಂದೇ ಅವರಿಗೆ ತಿಳಿಯಲಿಲ್ಲ. ಒಂದು ಸೌಟು ಹಾಕಿ, "ಸಾಕಾ?" ಎಂದರು.

ಸುಗುಣಕ್ಕ 'ಸಾಕು' ಎನ್ನಲಿಲ್ಲ. ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ, ಸೌಟಿನ ಕಡೆ ಇನ್ನಷ್ಟು ಮುಂದಕ್ಕೆ ಸರಿಸಿದರು.